ನಮ್ಮಣ್ಣ ಕದಿರಯ್ಯನ ನೊಳಂಬರ ಕಲ್ಲು

ನಮ್ಮಣ್ಣ ಕದಿರಯ್ಯನ ವಿಷಯ ಹೇಳುತ್ತೇನೆ, ಬರೆದುಕೋ ಪುಟ್ಟಿ. ಒಳ್ಳೆಯ ಮನುಷ್ಯ ಎಂದು ಮಾತ್ರ ಶುರು ಮಾಡಬೇಡ, ಊರಲ್ಲಿ ಓದಿದವರು ನಗುತ್ತಾರೆ. ಅವನ ಬಾಯಿ ಕೆಟ್ಟದ್ದು. ಎಪ್ಪತ್ತೆಂಟು ವರ್ಷವಾಯಿತು, ಈಗಲೂ ಕೆಟ್ಟದ್ದೇ. ಹಾಲಿನ ಡೈರಿ ಹತ್ತಿರ ಯಾರಾದರೂ "ಹೆಂಗಿದ್ದೀಯಣ್ಣ" ಎಂದರೆ, "ನೀನು ಕೇಳೋಕ್ ಮುಂಚೆ ಚೆನ್ನಾಗೇ ಇದ್ದೆ ಕಣ್ಲಾ" ಎನ್ನುತ್ತಾನೆ. ಆದರೆ ಸಾವಿರದ ಇನ್ನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಕೊರೆದ ಅಕ್ಷರವನ್ನು ಬೆರಳಾಡಿಸಿ ಓದುವ ರೈತನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಪೇಪರ್ ಕೊಟ್ಟರೆ ತಡವರಿಸುತ್ತಾನೆ. ಕಲ್ಲು ಕೊಟ್ಟರೆ ಓದುತ್ತಾನೆ.

ಬರಗೂರಿನಿಂದ ಆಚೆ, ಆಂಧ್ರದ ಗಡಿಗೆ ಮುಖ ಮಾಡಿಕೊಂಡಿರುವ ನಮ್ಮ ಊರಿನಲ್ಲಿ ಎರಡೇ ಬೀದಿ. ಮೇಲಿನ ಬೀದಿ ನನ್ನ ತವರು, ಕದಿರಯ್ಯನ ಮನೆ. ಕೆಳಗಿನ ಬೀದಿ ನಾನು ಸೇರಿದ ಮನೆ. ನಡೆದರೆ ನೂರು ಹೆಜ್ಜೆ. ಅಷ್ಟು ದೂರ ಕಳಿಸುವುದಕ್ಕೇ ನಮ್ಮವ್ವ ಮದುವೆಯ ದಿನ ಕಾಶಿಗೆ ಕಳಿಸುವ ಹಾಗೆ ಅತ್ತಳು. ನಿಮ್ಮ ತಾತ ಸಣ್ಣರಂಗಯ್ಯ ಮಾತಿಲ್ಲದ ಮನುಷ್ಯ, ದನ ಕಂಡರೆ ಮಾತ್ರ ಮಾತಾಡುತ್ತಿದ್ದರು. ಮನೆಯ ಮಾತೆಲ್ಲ ಅವರ ಅಣ್ಣ ಮಹಾಲಿಂಗಯ್ಯನವರದು. ನನಗೆ ಅವರು ಭಾವ, ಕೆಳಗಿನ ಬೀದಿಗೆಲ್ಲ ಯಜಮಾನರು. ನಮ್ಮಣ್ಣನೂ ಅವರನ್ನು ಭಾವ ಎಂದೇ ಕರೆಯುತ್ತಿದ್ದ. ಆ ಭಾವ ಎನ್ನುವ ಮಾತಿನಲ್ಲಿ ಎಷ್ಟು ಮೆಣಸಿನಕಾಯಿ ಅರೆದಿರುತ್ತಿತ್ತು ಎಂದು ಕೇಳಿದವರಿಗೇ ಗೊತ್ತು.

ಈಗ ಕಲ್ಲಿಗೆ ಬರುತ್ತೇನೆ. ನಮ್ಮ ತವರಿನ ಹೊಲದ ಮೂಲೆಯಲ್ಲಿ, ಕೆರೆ ಏರಿಯ ಕೆಳಗೆ, ಬಂಡಿ ದಾರಿಗೆ ತಗುಲಿದ ಹಾಗೆ ಒಂದು ಕಲ್ಲು ನಿಂತಿತ್ತು. ಎದೆಮಟ್ಟದ ಎತ್ತರ, ಮೈತುಂಬ ಅಕ್ಷರ. ಊರಿನವರಿಗೆ ಅದು ಅಕ್ಷರವಲ್ಲ, ಯಂತ್ರ. ಯಂತ್ರದ ಕಲ್ಲು ಎಂದೇ ಕರೆಯುತ್ತಿದ್ದೆವು. ದನಗಳಿಗೆ ಕಾಲುಬಾಯಿ ಜ್ವರ ಬಂದರೆ ಅದರ ಮೇಲೆ ನೀರು ಸುರಿದು, ಕೆಳಗೆ ಹಿಡಿದುಕೊಂಡು, ದನಗಳಿಗೆ ಚಿಮುಕಿಸುತ್ತಿದ್ದರು. ಯುಗಾದಿಗೆ ಸುಣ್ಣ ಬಳಿಯುತ್ತಿದ್ದರು. ಹೋದ ವರ್ಷದ ಸುಣ್ಣದ ಮೇಲೆ ಈ ವರ್ಷದ ಸುಣ್ಣ. ನಾನು ಹುಡುಗಿಯಾಗಿದ್ದಾಗ ಅದು ಕಲ್ಲೋ ಸುಣ್ಣದ ಗೋಡೆಯೋ ಗೊತ್ತಾಗುತ್ತಿರಲಿಲ್ಲ.

ಅಣ್ಣ ನಾಲ್ಕನೇ ಕ್ಲಾಸಿಗೇ ಇಸ್ಕೂಲು ಬಿಟ್ಟ. ಮೇಷ್ಟರು ಹೊಡೆಯಲು ಎತ್ತಿದ ಕೋಲನ್ನು ಕಿತ್ತುಕೊಂಡು ಮುರಿದು ಅವರ ಕೈಗೇ ಕೊಟ್ಟು ಬಂದ. ಆಮೇಲೆ ಯಾವ ಮೇಷ್ಟರು ಒಳಗೆ ಬಿಟ್ಟುಕೊಳ್ಳುತ್ತಾರೆ? ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದಾಗ ಮೈಸೂರು ಕಡೆಯಿಂದ ಶಾಸನ ಹುಡುಕುವವರು ಜೀಪಿನಲ್ಲಿ ಬಂದರು. ಕಲ್ಲಿನ ಸುಣ್ಣ ಕೆರೆಯಲು ಆಳು ಕೇಳಿದರು. ಊರಲ್ಲಿ ಒಬ್ಬನೂ ಮುಂದೆ ಬರಲಿಲ್ಲ, ಯಂತ್ರ ಕೆರೆದರೆ ಕೈ ಸೇದಿಹೋಗುತ್ತದೆ ಎಂಬ ಭಯ. ಯಾರೂ ಮಾಡದ ಕೆಲಸ ಎಂದರೆ ನಮ್ಮಣ್ಣನಿಗೆ ಅದೇ ಬೇಕು. ಕೆರೆದ. ನಮ್ಮಪ್ಪ ಹೊಲದಲ್ಲೇ ಕೆನ್ನೆಗೆ ಬಾರಿಸಿದರು. ಕೆನ್ನೆ ಉಜ್ಜಿಕೊಂಡು ಮತ್ತೆ ಕೆರೆದ.

ಬುಡದ ಸುತ್ತ ಮಣ್ಣು ತೆಗೆದಾಗ ಮೇಲಿರುವಷ್ಟೇ ಕಲ್ಲು ನೆಲದೊಳಗೂ ಇತ್ತು, ಅಲ್ಲೂ ಅಕ್ಷರ. ಕಲ್ಲು ತೊಳೆದರು. ಒದ್ದೆ ಕಾಗದವನ್ನು ಮೈಗೆ ಅಂಟಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಂಡಿಯೊಳಕ್ಕೆ ಕಾಗದ ಇಳಿಸಿದರು. ಮೇಲೆ ಬಟ್ಟೆಯ ಗಂಟಿನಿಂದ ಮಸಿ ಒತ್ತಿದರು. ಒಣಗಿದ ಮೇಲೆ ಬಿಡಿಸಿದರೆ ಕರಿಯ ಕಾಗದದ ಮೇಲೆ ಬಿಳಿಯ ಅಕ್ಷರ ಎದ್ದು ನಿಂತಿತ್ತು. ಅದನ್ನು ನೋಡಿದ ದಿನದಿಂದ ಅಣ್ಣನಿಗೆ ಬೇಸಾಯದ ಮೇಲೆ ಮನಸ್ಸಿಲ್ಲ. ಹನ್ನೊಂದು ವರ್ಷ ಅವರ ಹಿಂದೆ ತಿರುಗಿದ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ರಾಯಚರ್ಲುವರೆಗೂ ಹೋದ. ಮುಳ್ಳಿನ ಪೊದೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನಲ್ಲಿ, ಎಲ್ಲೆಂದರಲ್ಲಿ ಅಚ್ಚು ತೆಗೆದ. ತಟ್ಟುತ್ತಾ ತಟ್ಟುತ್ತಾ ಓದಲು ಕಲಿತ. ಅತ್ತಿಗೆ ಮಹಾಲಕ್ಷ್ಮಮ್ಮ, ಪುರವರದ ಹುಡುಗಿ, ಹೇಳುತ್ತಿದ್ದಳು: "ಕಲ್ಲಿಗಾದ್ರೆ ತಿಂಗಳಿಗೆ ಹತ್ತು ಸಲ ನೀರು ಹಾಕ್ತಾನೆ ನಿಮ್ಮಣ್ಣ. ತಾನು ಮಾತ್ರ ಹದಿನೈದು ದಿನಕ್ಕೊಂದ್ಸಲ." ಪುಣ್ಯಾತ್ಗಿತ್ತಿ, ಅವನ ಬಾಯಿಗೆ ಸರಿಯಾದ ಉತ್ತರ ಕೊಡುತ್ತಿದ್ದವಳು ಅವಳೊಬ್ಬಳೇ. ಹೋಗಿ ಒಂಬತ್ತು ವರ್ಷವಾಯಿತು.

ನಮ್ಮೂರ ಕಲ್ಲಿನ ಅಚ್ಚು ತೆಗೆಯುವಾಗ ಎರಡು ಸಲವೂ ಕಾಗದ ಒಂದೇ ಕಡೆ ಹರಿಯಿತಂತೆ, ನೆಲಮಟ್ಟದಲ್ಲಿ. ನೋಡಿದರೆ ಅಲ್ಲಿ ಅಡ್ಡ ಬಿರುಕು, ಉಗುರು ಹೋಗುವಷ್ಟು. ಮೂರನೆಯ ಸಲ ಹುಷಾರಾಗಿ ತೆಗೆದು, ಗುಂಡಿ ಮುಚ್ಚಿ ಹೋದರು. ಮುಂದಿನ ಯುಗಾದಿಗೆ ಊರಿನವರು ಮತ್ತೆ ಸುಣ್ಣ ಬಳಿದರು. ಆಮೇಲೆ ಐವತ್ತು ವರ್ಷಕ್ಕೂ ಮೇಲೆ ಬಳಿದರು. ಬಿರುಕಿದೆ ಎಂದು ನೆನಪಿದ್ದದ್ದು ಅಣ್ಣನೊಬ್ಬನಿಗೆ.

ಕಲ್ಲಿನಲ್ಲಿ ಏನಿದೆ ಎಂದು ಕೇಳಿದರೆ ಅವನು ಕಡಲೆಕಾಯಿ ಸುಲಿಯುತ್ತಾ ಕೂತಾಗ ಹೇಳುತ್ತಿದ್ದ. ಅದು ನೊಳಂಬರ ಕಲ್ಲು. ನೊಳಂಬರು ನಮ್ಮ ಈ ಸೀಮೆಯನ್ನು ಆಳಿದವರು. ಈಗ ಗಡಿಯಾಚೆ ಹೇಮಾವತಿ ಇದೆಯಲ್ಲ, ಆಗ ಅದು ಹೆಂಜೇರು, ಅವರ ರಾಜಧಾನಿ. ಶುರುವಿನಲ್ಲಿ ಅವರೇನೂ ದೊಡ್ಡ ರಾಜರಲ್ಲ. ಸಾವಿರ ಎಂದು ಲೆಕ್ಕ ಹಿಡಿಯುವ ಸಣ್ಣ ನಾಡಿನ ಒಡೆಯರು. ಮಂಗಳ ಎನ್ನುವವನಿಂದ ಶುರು. ಆಮೇಲೆ ಸಿಂಹಪೋತ.

"ಸಿಂಹಪೋತ ಏನು ಮಾಡ್ದ ಗೊತ್ತೇನೇ ಮಂಜಿ?" ಎನ್ನುತ್ತಿದ್ದ ಅಣ್ಣ. "ತಲಕಾಡಿನ ಗಂಗರಾಗೆ ಅಣ್ಣ ತಮ್ಮಂಗೆ ಜಗಳ ಬಿತ್ತು. ತಮ್ಮನ್ನ ಬಡಿಯೋಕೆ ಅಣ್ಣ ಇವನ್ನ ಕಳಿಸ್ದ. ಅಂಗೆ ಬೆಳೆದದ್ದು ಈ ರಾಜ್ಯ. ಇನ್ನೊಬ್ರ ಮನೆ ಜಗಳದಾಗೆ."

"ಆಮ್ಯಾಕೆ ಮೂವತ್ತೆರಡು ಸಾವಿರದ ನಾಡಾಯ್ತು. ದೊಡ್ಡೋರಾದ ಮ್ಯಾಲೆ ದೊಡ್ಡ ತಾತ ಬೇಕಲ್ಲ? ಕಂಚಿಯ ಮೂರು ಕಣ್ಣಿನ ಪಲ್ಲವ ರಾಜ ಇದ್ನಂತೆ, ಅವನೇ ನಮ್ಮ ತಾತ, ನಾವು ಈಶ್ವರನ ವಂಶ ಅಂತ ಕೊರೆಸ್ಕಂಡ್ರು."

ನಮ್ಮೂರ ಕಲ್ಲಿನ ಮೇಲಿನ ಅರ್ಧದಲ್ಲಿ ಈ ವಂಶದ ಹೊಗಳಿಕೆ. ನೆಲದೊಳಗಿನ ಅರ್ಧದಲ್ಲಿ ಕೆರೆ ಕಟ್ಟಿದ ಒಬ್ಬನಿಗೆ ಹೊಲ ಬಿಟ್ಟ ವಿಷಯ. ಈ ಕಲ್ಲಿನಿಂದ ಮೂಡಲಿಗೆ ಏರಿ, ಈ ಕಲ್ಲಿನಿಂದ ತೆಂಕಲಿಗೆ ಬಂಡೆ, ಹೀಗೆ ಗಡಿ. ಏರಿ ಈಗಲೂ ಮೂಡಲಿಗಿದೆ. ಬಂಡೆಯೂ ಇದೆ.

ಮೂರು ವರ್ಷದ ಹಿಂದೆ ಜಗಳ ಹೊತ್ತಿಕೊಂಡಿತು. ಭಾವನ ಮಗ ಪರಮೇಶ್, ಪುರವರದಲ್ಲಿ ಮೇಷ್ಟರು, ಕಲ್ಲಿನಲ್ಲಿ ರಾಜರ ಹೆಸರಿದೆ ಎಂದು ಎಲ್ಲಿಯೋ ಓದಿಕೊಂಡು ಬಂದ. ಹದಿನೈದು ದಿನದಲ್ಲಿ ನೊಳಂಬ ರಾಜರು ಕೆಳಗಿನ ಬೀದಿಯ ನಮ್ಮ ಬೆಡಗಿನವರೇ, ನಮ್ಮ ಕುಲದವರೇ ಎಂದು ತೀರ್ಮಾನವಾಯಿತು. ಬೆಡಗಿನ ಗುಡಿಯ ಮುಂದೆ ಮಂಟಪ ಕಟ್ಟಿದರು, ನೆಲಕ್ಕೆ ಟೈಲ್ಸು, ಮೇಲೆ 'ನೊಳಂಬ ರಾಜ್ಯದ ಮೂಲಸ್ಥಾನ' ಎಂದು ಬೋರ್ಡು. ಕಲ್ಲೊಂದು ಬರಬೇಕು, ಅಷ್ಟೇ. ಕಲ್ಲು ನಿಂತಿರುವುದು ಬಂಡಿ ದಾರಿಯಲ್ಲಿ, ಕದಿರಯ್ಯನ ಹೊಲದಲ್ಲಲ್ಲ ಎಂದು ಭಾವ ಅಳತೆ ಹಿಡಿದು ತೋರಿಸಿದರು. ಅಣ್ಣ ತಾಲ್ಲೂಕಿಗೆ ಹೋಗಿ ಅರ್ಜಿ ಕೊಟ್ಟ. ಬಂದು ನೋಡುತ್ತೇವೆ ಎಂದರಂತೆ.

ಒಂದು ದಿನ ಇಬ್ಬರೂ ಕಲ್ಲಿನ ಹತ್ತಿರವೇ ಎದುರಾದರು. ನಾನು ಹುಲ್ಲಿನ ಹೊರೆ ಇಳಿಸಿ ನಿಂತುಬಿಟ್ಟೆ.

"ರಾಜರ ಕಲ್ಲು ದನ ಮೈ ಉಜ್ಜೋ ಜಾಗದಾಗಿರಬೇಕೇನ್ಲಾ ಕದಿರ?" ಎಂದರು ಭಾವ.

"ರಾಜನೇ ಇಲ್ಲಿ ನಿಲ್ಲಿಸವ್ನೆ ಭಾವ. ನೀನ್ಯಾವೂರ ರಾಜ ಎತ್ತಾಕೆ?"

"ನಮ್ಮ ವಂಶದೋರ ಕಲ್ಲು, ನಮ್ಮ ಗುಡಿ ಮುಂದೆ ಇಟ್ಕಂತೀವಿ. ನಿಂಗೇನ್ಲಾ ಹೊಟ್ಟೆಉರಿ?"

"ನಿಮ್ಮ ವಂಶನಾ? ಲೇ, ಆ ರಾಜ್ರೇ ತಾತನ್ನ ಕಂಚಿಯಿಂದ ತಂದ್ಕಂಡವ್ರೆ. ನೀನು ಆ ರಾಜ್ರನ್ನ ನಮ್ಮ ತಾತ ಅಂತೀಯ. ಬುಡು, ಸುಳ್ಳು ಹೇಳೋ ಧಾಟಿ ನೋಡಿದ್ರೆ ನೀನು ಅವರ ಮನೆಯೋನೇ ಇರ್ಬೇಕು."

ಪಕ್ಕದ ಹೊಲದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸರು ನಕ್ಕುಬಿಟ್ಟರು. ಅದೇ ತಪ್ಪಾಯಿತು. ಭಾವನ ಮುಖ ಕೆಂಪಗಾಯಿತು. "ಅಚ್ಚು ತಟ್ಟೋ ಕೂಲಿಯೋನು ನಂಗೆ ವಂಶ ಹೇಳ್ಕೊಡ್ತಾನೆ" ಎಂದು ಉಗಿದರು.

"ಈ ಕಲ್ಲಿಂದ ಮೂಡಲಿಗೆ ಏರಿ ಅಂತ ಬರೆದೈತೆ" ಎಂದ ಅಣ್ಣ. "ನಿನ್ನ ಗುಡಿ ಮುಂದೆ ನಿಲ್ಲಿಸಿದ್ರೆ ಮೂಡಲಿಗೆ ಏನೈತೆ? ಗೌಡ್ರ ತಿಪ್ಪೆ. ಸಾವಿರದ ಇನ್ನೂರು ವರ್ಸ ನಿಜ ಹೇಳ್ಕಂಡು ನಿಂತೈತೆ ಕಣಯ್ಯ. ಅದರ ಬಾಯಾಗೆ ಸುಳ್ಳು ತುರುಕಬ್ಯಾಡ."

ಅಲ್ಲಿಂದ ಇಬ್ಬರಿಗೂ ಮಾತು ನಿಂತಿತು. ಎರಡು ಮನೆಗೆ ಮಾತು ನಿಂತರೆ ನಡುವೆ ಓಡಾಡುವ ಕೆಲಸ ಯಾರದು? ಅಲ್ಲಿ ಹುಟ್ಟಿ ಇಲ್ಲಿ ಸೇರಿದವಳದು. ನಮ್ಮಲ್ಲಿ ಮೊದಲಿನಿಂದಲೂ ಹಾಗೆಯೇ. ನಾನು ದಿನವೂ ಆ ನೂರು ಹೆಜ್ಜೆ ಹತ್ತಿ ಇಳಿದೆ. ಅಣ್ಣ "ಕಲ್ಲು ಮುಟ್ಟಿದ್ರೆ ಆ ಮುದಿಯನ ಕೈ ಕಡೀತೀನಿ ಅಂತೇಳು" ಎಂದರೆ, ನಾನು ಕೆಳಗೆ ಬಂದು "ಅಣ್ಣ ಬೇಜಾರು ಮಾಡ್ಕಂಡವ್ನೆ ಭಾವ" ಎನ್ನುತ್ತಿದ್ದೆ. ಭಾವ "ಆ ಗೂಬೆಗೆ ಹೇಳು, ಮಂಟಪದ ನೆರಳಿಗೂ ಬರಬ್ಯಾಡ ಅಂತ" ಎಂದರೆ, ಮೇಲೆ ಹೋಗಿ "ಪೂಜೆ ದಿನ ನಿನ್ನೂ ಕರೀತಾರಂತೆ" ಎನ್ನುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೈಗುಳ ಆರಿಸಿ ಎಸೆದು, ಉಳಿದದ್ದನ್ನು ತಲುಪಿಸುತ್ತಿದ್ದೆ. ಇಬ್ಬರೂ ಕೈ ಎತ್ತದೆ ಇದ್ದದ್ದು ಅದರಿಂದಲೇ ಎಂದು ನನಗೆ ಒಳಗೊಳಗೇ ಹೆಮ್ಮೆ.

ಅಣ್ಣನೂ ಸುಮ್ಮನಿರಲಿಲ್ಲ. ಮೊದಲು, ಕಲ್ಲಿನ ಬುಡದಲ್ಲಿ ಹಾವಿದೆ ಎಂದು ಹೇಳಿ ಕಳಿಸಿದ. ಆಮೇಲೆ, ಎತ್ತಿದವನ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎಂದು ಹೇಳಿ ಕಳಿಸಿದ. ಆಮೇಲೆ, ಶಿರಾದಿಂದ ಪೊಲೀಸರು ಬರುತ್ತಾರೆ ಎಂದ. ಮೂರೂ ಬರಿಯ ಮಾತು. ಮಂಟಪಕ್ಕೆ ಕಲ್ಲು ತರುವ ದಿನಕ್ಕೆ ಎರಡು ದಿನ ಇರುವಾಗ ನಾನು ಅವರೆಕಾಳಿನ ಸಾರು ತೆಗೆದುಕೊಂಡು ಹೋದೆ. ಮುಖ ಸಿಂಡರಿಸಿಕೊಂಡು ಜಗಲಿ ಮೇಲೆ ಕೂತಿದ್ದ.

"ಆ ಕಳ್ಳ ನನ್ಮಗಂಗೆ ಹೇಳು" ಎಂದ. "ನೆಲದ ಮಟ್ಟಕ್ಕೆ ಕಲ್ಲು ಬಿರುಕು ಬುಟ್ಟೈತೆ. ಸುಣ್ಣದಾಗೆ ಕಾಣಲ್ಲ. ಮೇಲಿಂದ ಎತ್ತಿದ್ರೆ ಎರಡು ತುಂಡಾಗ್ತದೆ. ಹಂಗೇನಾದ್ರೂ ಆದ್ರೆ ಅವನ ಸೊಂಟಾನೂ ಎರಡು ತುಂಡು ಮಾಡ್ತೀನಿ."

ಹಾವು, ತೊಟ್ಟಿಲು, ಪೊಲೀಸು, ಈಗ ಬಿರುಕು. ಇದೂ ಅವನ ಇನ್ನೊಂದು ಬೆದರಿಕೆ ಎಂದುಕೊಂಡೆ. ಬೈಗುಳದ ಜೊತೆಗೆ ಅದನ್ನೂ ಆರಿಸಿ ಎಸೆದೆ. ಕೆಳಗೆ ಬಂದು, "ಇನ್ನೊಂದ್ಸಲ ಯೋಚನೆ ಮಾಡಿ ಅಂದ ಭಾವ" ಎಂದೆ, ಅಷ್ಟೇ.

ಆ ದಿನ ಬೆಳಿಗ್ಗೆ ಶಿರಾದಿಂದ ನಬೀ ಸಾಬ್ ಬಂದರು. ಮೂರು ಕಂಬ ನಿಲ್ಲಿಸಿ ಚೈನು ಇಳಿಬಿಟ್ಟು ಕಲ್ಲು ಎತ್ತುವುದರಲ್ಲಿ ಪಳಗಿದವರು. ಸುತ್ತ ಒಂದು ಸಲ ನಡೆದು ಬಂದು, "ಯಜಮಾನ್ರೇ, ಬುಡ ಬಿಡಿಸಿ ನೋಡಾಣ. ಬುಡ ಕಾಣದ ಕಲ್ಲು ಎತ್ತಬಾರ್ದು, ಜರಾ ಠೈರೋ, ಒಸಿ ತಡೀರಿ" ಎಂದರು.

"ಮುಹೂರ್ತ ಮೀರ್ತದೆ ಸಾಬ್ರೇ. ಗೇಣು ಆಳ ಇರಬೋದು, ಎತ್ತಿ" ಎಂದರು ಭಾವ.

"ನಿಮ್ ಜವಾಬ್ದಾರಿ ನೋಡಿ ಮತ್ತೆ."

"ನಮ್ದೇ, ಎಲ್ಲಾ ನಮ್ದೇ. ವಂಶನೂ ನಮ್ದೇ, ಕಲ್ಲೂ ನಮ್ದೇ."

ಅಣ್ಣ ಏರಿಯ ಮೇಲೆ ಕೈಕಟ್ಟಿ ನಿಂತಿದ್ದ. ಹೊಡೆದಾಡುತ್ತಾನೆ ಎಂದುಕೊಂಡೆ, ಆದರೆ ಅವನು ಹಂದಲಿಲ್ಲ. ನಾನು ಹೇಳಿ ಕಳಿಸಿದ್ದೇನೆ, ಭಾವ ಗೊತ್ತಿದ್ದೂ ಎತ್ತಿಸುತ್ತಿದ್ದಾನೆ, ನೋಡೇ ಬಿಡೋಣ ಎಂದು ನಿಂತಿದ್ದ. ಅದು ನನಗೆ ಆಮೇಲೆ ಹೊಳೆಯಿತು.

ಚೈನು ಬಿಗಿಯಿತು. ಕಲ್ಲು ಸ್ವಲ್ಪ ಓರೆಯಾಯಿತು. ಒಣ ಮರದ ಕೊಂಬೆ ಮುರಿದ ಹಾಗೆ ಒಂದೇ ಸದ್ದು. ಮೇಲಿನ ಅರ್ಧ ಚೈನಿನಲ್ಲಿ ತೂಗಾಡಿತು, ಮೈಯ ಸುಣ್ಣ ಹಪ್ಪಳದ ಹಾಗೆ ಉದುರಿತು. ಮುರಿದ ಮುಖ ನೋಡಿದೆ. ಅರ್ಧ ಹಳೆಯ ಕಪ್ಪು, ಅರ್ಧ ಈಗ ಮುರಿದ ಬಿಳಿ. ಬಿರುಕು ಇದ್ದದ್ದು ನಿಜ.

"ಹೇಳಿ ಕಳಿಸಿದ್ನಲ್ಲೋ ಪಾಪಿ! ಬಿರುಕೈತೆ ಅಂತ ಹೇಳಿ ಕಳಿಸಿದ್ನಲ್ಲ!" ಎಂದು ಅಣ್ಣ ಏರಿಯಿಂದ ಓಡಿ ಬಂದ.

"ಯಾವ ಬಿರುಕು? ಯಾರು ಹೇಳಿದ್ರು? ಸುಳ್ಳು ಬೊಗಳಬ್ಯಾಡ!" ಎಂದರು ಭಾವ.

ನಬೀ ಸಾಬ್ ಇಬ್ಬರ ನಡುವೆ ನಿಂತರು, ಇಲ್ಲದಿದ್ದರೆ ಆ ದಿನ ಹೆಣ ಬೀಳುತ್ತಿತ್ತು. ಅವರಿಬ್ಬರಲ್ಲಿ ಒಬ್ಬ ಸುಳ್ಳುಗಾರ ಎಂದು ಊರು ಎರಡಾಯಿತು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಮನೆಗೆ ಬಂದೆ. ಹೇಳಲಿಲ್ಲ. ಒಂದು ತಿಂಗಳು ಹೇಳಲಿಲ್ಲ ಪುಟ್ಟಿ. ಆ ತಿಂಗಳು ಮೇಲಿನ ಬೀದಿಯವರ ಮದುವೆಗೆ ಕೆಳಗಿನವರು ಹೋಗಲಿಲ್ಲ, ಕೆಳಗಿನವರು ಡೈರಿಗೆ ಹಾಲು ಹಾಕುವಾಗ ಮೇಲಿನವರು ಕ್ಯೂ ನಿಲ್ಲಲಿಲ್ಲ.

ಮುರಿದ ಮೇಲಿನ ಅರ್ಧವನ್ನೇ ಮಂಟಪದಲ್ಲಿ ಸಿಮೆಂಟಿಗೆ ನಿಲ್ಲಿಸಿ ಪೂಜೆ ಇಟ್ಟುಕೊಂಡರು. ಶಾಮಿಯಾನ, ಮೈಕು, ಹೊರಗಿನ ಊರುಗಳಿಂದ ಬೆಡಗಿನವರು. ಕರೆಯದಿದ್ದರೂ ಅಣ್ಣ ಬಂದ, ಬಿಳಿ ಪಂಚೆ ಉಟ್ಟುಕೊಂಡು. ಯಾರೋ ಪರಊರಿನವರು, "ಇದನ್ನ ಓದೋರು ಯಾರಾದ್ರೂ ಅವ್ರಾ?" ಎಂದು ಕೇಳಿದರು. ಪರಮೇಶ್ ಅತ್ತ ಇತ್ತ ನೋಡಿದ. ಅಣ್ಣ ಮುಂದೆ ಹೋಗಿ ಕಲ್ಲಿನ ಮೇಲೆ ಬೆರಳಿಟ್ಟ. ಮೈಕು ಬೇಕಾಗಲಿಲ್ಲ. ಈಶ್ವರನ ವಂಶದವನು, ಪಲ್ಲವ ಕುಲಕ್ಕೆ ತಿಲಕದಂತಿರುವವನು, ನೊಳಂಬರ ಅರಸ, ರಾಜ್ಯವನ್ನು ಆಳುತ್ತಿರುವಾಗ, ಎಂದು ಓದಿ ಬೆರಳು ತೆಗೆದ.

"ಆಳುತ್ತಿರುವಾಗ? ಆಮ್ಯಾಕೆ?" ಎಂದರು ಆ ಪರಊರಿನವರು.

"ಆಮ್ಯಾಕಿಂದು ನಮ್ಮ ಹೊಲದಾಗೈತೆ. ಬೇಕಾದೋರು ಬಂದು ಕೇಳಿ."

ಜನ ನಕ್ಕರು. ಭಾವ ಮೈಕು ಕಿತ್ತುಕೊಂಡರು. "ಕೇಳ್ರಪ್ಪ ಎಲ್ಲಾರೂವೆ! ಕಲ್ಲು ಬಿರುಕಿರೋದು ಇವನೊಬ್ನಿಗೇ ಗೊತ್ತಿತ್ತು. ಮುಚ್ಚಿಟ್ಟು, ಏರಿ ಮೇಲೆ ಕೈಕಟ್ಟಿ ನಿಂತು ಮುರಿಸ್ದ. ರಾಜರ ಕಲ್ಲು ಮುರಿಸಿದ ಪಾಪಿ ಇವನೇ!"

ಅಣ್ಣನ ಮುಖ ನೋಡಿದೆ. ಯಾರು ಏನು ಬೈದರೂ ತಿರುಗಿ ಬೈದವನು. ಆವತ್ತು ಬೆನ್ನು ತಿರುಗಿಸಿ ಕಲ್ಲನ್ನು ಸವರತೊಡಗಿದ. ಹನ್ನೊಂದು ವರ್ಷ ಕಲ್ಲುಗಳ ಮೈ ತೊಳೆದವನು. ಕಲ್ಲು ಮುರಿಸಿದವನು ಎಂಬ ಹೆಸರು ಅವನಿಗೆ ಬಂದರೆ ನಾನು ಹೇಗೆ ಅನ್ನ ತಿನ್ನಲಿ? ಎದ್ದು ನಿಂತೆ. ನನಗೆ ಆ ವರೆಗೆ ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲ.

"ಅಣ್ಣ ಹೇಳಿ ಕಳಿಸಿದ್ದ ಭಾವ. ಬಿರುಕೈತೆ ಅಂತ ನನ್ನ ಕೈಲೇ ಹೇಳಿ ಕಳಿಸಿದ್ದ. ನಾನು ನಿಮಗೆ ಹೇಳಲಿಲ್ಲ."

ಭಾವ ಮೈಕು ಕೆಳಗಿಟ್ಟರು. "ನೀನು ಹೇಳಿದ್ರೂ ನಾನು ನಂಬ್ತಿರಲಿಲ್ಲ ಕಣಮ್ಮ" ಎಂದರು. "ಇದೂ ಅವನ ಇನ್ನೊಂದು ಆಟ ಅಂತಿದ್ದೆ."

ನನಗೆ ಸಮಾಧಾನವಾಯಿತು. ಅಣ್ಣನ ಕಡೆ ತಿರುಗಿದೆ.

"ಅವನು ನಂಬ್ತಿರಲಿಲ್ಲ ಅನ್ನೋದು ನಂಗೂ ಗೊತ್ತು" ಎಂದ ಅಣ್ಣ. "ನೀನು ಹೇಳಬೇಕಾಗಿತ್ತು."

ಹೊರಟು ಹೋದ.

ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಹೋದರೆ ಬಾಗಿಲು ಹಾಕುತ್ತಿರಲಿಲ್ಲ. ಮಣೆ ಹಾಕಿ, ತಾನೇ ಕಾಫಿ ಕಾಯಿಸಿ ಮುಂದಿಡುತ್ತಿದ್ದ, ಬಿಸಿಯಾಗಿ, ನನಗೆ ಬೇಕಾದಷ್ಟು ಬೆಲ್ಲ ಹಾಕಿ. ಮಾತು ಮಾತ್ರ ಇಲ್ಲ. ನಾನು ಕುಡಿದು, ಲೋಟ ತೊಳೆದಿಟ್ಟು ಬರುತ್ತಿದ್ದೆ. ಹೊಲದಲ್ಲಿ ಉಳಿದ ಅರ್ಧದ ಸುತ್ತ ಗುಂಡಿ ತೋಡಿ, ಅಕ್ಷರ ಕಾಣುವ ಹಾಗೆ ಬಿಡಿಸಿ, ಆಡು ಬಾರದಂತೆ ಜಾಲಿಮುಳ್ಳು ಹಾಕಿದ್ದ. ದೂರದಿಂದ ಯಾರಾದರೂ ನೋಡಲು ಬಂದರೆ ಮುಳ್ಳು ಸರಿಸಿ ಓದಿ ಹೇಳುತ್ತಿದ್ದ. ಅವರು ಮಂಟಪದ ತುಂಡನ್ನೂ ನೋಡಬೇಕು ಎಂದರೆ, ದಾರಿ ತೋರಿಸದೆ ಎದ್ದು ಹೋಗುತ್ತಿದ್ದ.

ಹೋದ ತಿಂಗಳು ಭಾವ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಮಂಜಮ್ಮ, ಬಂದೋರೆಲ್ಲ ಅರ್ಧ ಕಲ್ಲು ನೋಡಿ ನಗ್ತಾರೆ" ಎಂದರು. "ಆ ಗೂಬೆ ಬಂದು ಬಾಯಿಬುಟ್ಟು ಕೇಳಿದ್ರೆ, ಈ ತುಂಡು ಅಲ್ಲಿಗೇ ತಂದು ಜೋಡಿಸೋ ಮಾತು ನೋಡಾನ."

ನೂರು ಹೆಜ್ಜೆ ಹತ್ತಿದೆ. ಅಣ್ಣ ಕಾಫಿ ತಂದಿಟ್ಟ. "ಮೇಲಿನ ತುಂಡು ವಾಪಸ್ ತಂದು ಜೋಡಿಸ್ತಾರಂತೆ" ಎಂದೆ.

ಎರಡು ವರ್ಷದ ಮೇಲೆ ಬಾಯಿ ಬಿಟ್ಟ. "ಇದು ಅವನು ಹೇಳಿದ್ದಾ, ನೀನು ಹೇಳ್ತಿರೋದಾ?"

ಲೋಟ ಕೆಳಗಿಟ್ಟೆ. ಭಾವ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದೆ. ಗೂಬೆಯನ್ನೂ ಬಿಡಲಿಲ್ಲ.

ಅಣ್ಣ ನನ್ನನ್ನು ನೋಡಿದ. "ಆ ಮುದಿ ಕತ್ತೆಗೆ ಹೇಳು" ಎಂದ. "ನಾನು ಕೇಳಲ್ಲ. ತಂದ್ರೆ ಜಾಗ ಅಲ್ಲೇ ಐತೆ. ಚೈನು ಬ್ಯಾಡ, ಜೆಸಿಬಿ ಬ್ಯಾಡ. ಕೆಳಗಿನ ಬೀದಿಯೋರ ಜತೆ ಅವನೂ ಅವನ ಮಗನೂ ಹೆಗಲು ಕೊಟ್ಟು ಹೊತ್ಕಂಡು ಬರಬೇಕು."

ಕೆಳಗೆ ಬಂದು, ಭಾವನ ಮುಂದೆ ನಿಂತು, ಮುದಿ ಕತ್ತೆ ಎನ್ನುವುದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಭಾವ ಅಗಿಯುವುದನ್ನು ನಿಲ್ಲಿಸಿದರು. ನಲವತ್ತೈದು ವರ್ಷದಲ್ಲಿ ನನ್ನ ಬಾಯಿಂದ ಅಂಥ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಎದ್ದು ಹೋಗಿ ಉಗಿದು ಬಂದರು. ಮತ್ತೆ ಕೂತರು.

"ಯಾವತ್ತು ಅಂತ ಕೇಳ್ಕಂಡು ಬಾ ಆ ಗೂಬೇನ" ಎಂದರು.